ಪಕ್ಕದ ಕುರ್ಚಿಯನ್ನು ತೆಗೆದುಹಾಕಿದವರಿಗೆ

ಮಾಹಿತಿ ವಿಜ್ಞಾನ ಮತ್ತು ತಂತ್ರಜ್ಞಾನದ ಸ್ನಾತಕೋತ್ತರ ಪದವಿಯನ್ನು ಹೊಸದಾಗಿ ರೂಪಿಸಿದ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ತಾವು ನನ್ನ ಹೆಂಡತಿಯನ್ನು ತಮ್ಮ ಪಠ್ಯಕ್ರಮದಲ್ಲಿ ಉಳಿಸಿಕೊಂಡು, ಅವಳನ್ನು ಮಾತ್ರ ತಮ್ಮ ಕಟ್ಟಡದಿಂದ ಹೊರಗೆ ಕಳಿಸಿದ್ದೀರಿ. ನನ್ನ ದೂರು ಇಷ್ಟೇ. ಮುಂದೆ ಬರೆಯುವುದೆಲ್ಲ ಇದರ ವಿವರಣೆ. ಸಭೆಗೆ ಹೊತ್ತಾಗಿದ್ದರೆ ಇಲ್ಲಿಗೇ ನಿಲ್ಲಿಸಿ ಹೋಗಬಹುದು. ಆದರೆ ಈ ಪತ್ರ ನಮ್ಮೂರು ಕೂಸಿಲಾಹ್ತಿಯ ಪತ್ರಿಕೆಯಲ್ಲಿ ಅಚ್ಚಾಗುತ್ತಿರುವುದರಿಂದ, ತಮ್ಮ ಬದಲು ಊರಿನವರು ಪೂರ್ತಿ ಓದುತ್ತಾರೆ ಎಂಬ ಧೈರ್ಯ ನನಗಿದೆ.

ಫಿನ್ಲೆಂಡಿನಲ್ಲಿ ನಾವು ಮಂತ್ರಿಯನ್ನೂ ಹೆಸರು ಹಿಡಿದು ನೀನು ಎಂದೇ ಮಾತಾಡಿಸುವ ಜನ. ನನ್ನ ಶಾಲೆಯ ಮಕ್ಕಳು ನನ್ನನ್ನು ರೈಮೋ ಎಂದೇ ಕರೆಯುತ್ತಿದ್ದರು. ನಾನು ಮೂವತ್ತು ಚಿಲ್ಲರೆ ವರ್ಷ ಇತಿಹಾಸ ಕಲಿಸಿದ ಮೇಷ್ಟ್ರು. ಹಾಗಿದ್ದೂ ತಮ್ಮನ್ನು ತಾವು ಎನ್ನುತ್ತಿದ್ದೇನೆ. ಗೌರವ ಉಕ್ಕಿ ಬಂದಿದೆಯೆಂದು ದಯವಿಟ್ಟು ತಿಳಿಯಬೇಡಿ. ನಮ್ಮಿಬ್ಬರ ನಡುವೆ ಎಷ್ಟು ದೂರ ಬೆಳೆದಿದೆ ಎಂದು ತೋರಿಸಲು ನನಗೆ ಬೇರೆ ದಾರಿ ತೋಚಲಿಲ್ಲ.

ನನ್ನ ಹೆಂಡತಿ ಸಿರ್ಕಾ ಈ ಊರಿನ ಅರ್ಧ ಜನಕ್ಕೆ ಈಜು ಕಲಿಸಿದವಳು. ನಗರಸಭೆಯ ಈಜುಮನೆಯಲ್ಲಿ ಮಕ್ಕಳಿಗೆ ಹಗಲು, ನೀರೆಂದರೆ ಬೆವರುವ ದೊಡ್ಡವರಿಗೆ ಸಂಜೆ. ತಮ್ಮ ಸಮಿತಿಯಲ್ಲೇ ಇಬ್ಬರು ಅವಳ ಕೈಯಲ್ಲಿ ಮುಳುಗಿ ಎದ್ದವರಿದ್ದಾರೆ. ಹೆಸರು ಹೇಳಿ ಅವರಿಗೆ ಮುಜುಗರ ಮಾಡುವುದಿಲ್ಲ. ಏಳು ವರ್ಷದ ಹಿಂದೆ ಅವಳಿಗೆ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಕಾಲು ಬಂತು, ಬಲಗೈ ಅರ್ಧ ಬಂತು, ಮಾತು ಬರಲಿಲ್ಲ. ಅವಳಿಗೆ ಎಲ್ಲವೂ ಅರ್ಥವಾಗುತ್ತದೆ. ಹೇಳಲಿಕ್ಕೆ ಉಳಿದದ್ದು ಮೂರೇ: ಹೌದು, ಇಲ್ಲ, ಮತ್ತು ಕಲಿಯುವವರು ಕಾಲು ಬಡಿಯಲೆಂದು ಕೊಳದ ಅಂಚಿನಲ್ಲಿ ನಿಂತು ವರ್ಷಗಟ್ಟಲೆ ಕೂಗಿದ "ಕಾಲು! ಕಾಲು!" ಮೂರನೆಯದು ಅಡುಗೆಮನೆಯಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಮೊದಲೆರಡನ್ನು ಅವಳು ಎಷ್ಟು ಜೋಪಾನವಾಗಿ ಬಳಸುತ್ತಾಳೆಂದರೆ, ಕಾಫಿಗೆ ಹಾಲು ಬೇಕೇ ಎಂದು ಕೇಳಿದರೂ ಒಂದು ಗಳಿಗೆ ಯೋಚಿಸಿಯೇ ಉತ್ತರ ಕೊಡುತ್ತಾಳೆ.

ಇನ್ನು ತಮ್ಮ ವಿಶ್ವವಿದ್ಯಾಲಯದ ವಿಷಯಕ್ಕೆ ಬರೋಣ. ತಾವು ಅಧ್ಯಕ್ಷರಾಗುವ ಮುಂಚೆ ಈ ಪದವಿಗೆ ಒಂದು ವಿಚಿತ್ರ ಪದ್ಧತಿಯಿತ್ತು. ಕಾತ್ರಿ ಎಂಬ ಉಪನ್ಯಾಸಕಿ ಶುರುಮಾಡಿದ್ದು. ಮೊದಲ ವರ್ಷದ ಶರತ್ಕಾಲದಲ್ಲಿ ಪ್ರತಿ ವಿದ್ಯಾರ್ಥಿಗೂ ಊರಿನ ಒಬ್ಬರನ್ನು ಗೊತ್ತುಮಾಡುತ್ತಿದ್ದರು. ವಾರಕ್ಕೊಮ್ಮೆ, ಗುರುವಾರ, ಆ ಊರಿನವರು ಕಂಪ್ಯೂಟರಿನ ಮುಂದೆ ಕೂತು ತಮಗೆ ಬೇಕಾದ್ದನ್ನು ಹುಡುಕಬೇಕು. ವಿದ್ಯಾರ್ಥಿ ಪಕ್ಕದ ಕುರ್ಚಿಯಲ್ಲಿ ಕೂರಬೇಕು. ಎರಡೂ ಕೈ ಮಡಿಲಲ್ಲಿ. ಮೌಸ್ ಮುಟ್ಟುವಂತಿಲ್ಲ, ಹೇಳಿಕೊಡುವಂತಿಲ್ಲ. ನೋಡುತ್ತಾ ಕೂರಬೇಕು, ಅಷ್ಟೇ. ಕೊನೆಗೆ 'ಈ ಮನುಷ್ಯ ಏನನ್ನು ಹುಡುಕುತ್ತಿದ್ದಾನೆ' ಎಂದು ವರದಿ ಬರೆದು, ಅದನ್ನು ಆ ಮನುಷ್ಯನ ಎದುರಿಗೇ ಗಟ್ಟಿಯಾಗಿ ಓದಬೇಕು. ಅವರು ಹೌದು ಎಂದರೆ ಪಾಸು. ಇಲ್ಲ ಎಂದರೆ ಮತ್ತೆ ಕುರ್ಚಿ.

ಹೌದು, ಇಲ್ಲ. ಪರೀಕ್ಷಕರಿಗೆ ಬೇಕಾದದ್ದು ಇಷ್ಟೇ ಮಾತು. ಇಡೀ ಊರಿನಲ್ಲಿ ನನ್ನ ಹೆಂಡತಿಗೆ ಪೂರ್ತಿ ಅರ್ಹತೆಯಿದ್ದ ಕೆಲಸ ಇದೊಂದೇ ಎಂದು ಕಾತ್ರಿಗೆ ಹೊಳೆಯಿತು ನೋಡಿ, ಅವಳನ್ನು ನಾನು ಸಾಯುವವರೆಗೂ ನೆನೆಯುತ್ತೇನೆ.

ಸಿರ್ಕಾಳ ಪಾಲಿಗೆ ಬಂದವನು ಸೆವೇರಿ. ತರಗತಿಗೆಲ್ಲ ಚುರುಕು, ಮಾತಿನಲ್ಲೂ ಚುರುಕು, ಸುಮ್ಮನೆ ಕೂರುವುದೊಂದು ಮಾತ್ರ ಅವನ ಜಾತಕದಲ್ಲಿ ಬರೆದಿರಲಿಲ್ಲ. ಸಿರ್ಕಾ ಪ್ರತಿ ವಾರ ಒಂದೇ ಕೆಲಸ ಮಾಡುತ್ತಿದ್ದಳು. ತನ್ನ ಗುರುತು ಕೊಟ್ಟು ನಗರಸಭೆಯ ಜಾಲತಾಣದೊಳಗೆ ಹೋಗುವುದು, ಈಜುಮನೆಯ ಪುಟ ತೆರೆಯುವುದು, 'ಚಿಕಿತ್ಸಾ ಗುಂಪು' ಎಂಬ ಸಾಲಿನ ತನಕ ಬರುವುದು, ಅಲ್ಲಿ ನಿಂತುಬಿಡುವುದು. ಆಮೇಲೆ ಮುಚ್ಚುವುದು. ಸೆವೇರಿಗೆ ಎರಡನೇ ವಾರಕ್ಕೇ ಎಲ್ಲ ತಿಳಿದುಹೋಯಿತು. ವರದಿ ಬರೆದ: ಸಿರ್ಕಾಗೆ ಚಿಕಿತ್ಸಾ ಗುಂಪಿನಲ್ಲಿ ಜಾಗ ಕಾದಿರಿಸಬೇಕಾಗಿದೆ, ಪರದೆಯ ಮೇಲೆ ಒತ್ತುವ ಗುಂಡಿ ಚಿಕ್ಕದಾಗಿರುವುದರಿಂದ ಆಗುತ್ತಿಲ್ಲ, ಗುಂಡಿಯನ್ನು ದೊಡ್ಡದು ಮಾಡಬೇಕು.

ಓದಿದ. ನಾನೂ ಕೋಣೆಯಲ್ಲಿದ್ದೆ.

"ಇಲ್ಲ," ಎಂದಳು ಸಿರ್ಕಾ.

"ಪೂರ್ತಿ ಇಲ್ವಾ, ಸ್ವಲ್ಪ ಇಲ್ವಾ?" ಎಂದ ಸೆವೇರಿ.

"ಇಲ್ಲ."

"ಪೂರ್ತಿ ಇಲ್ಲ ಅಂತೆ ಕಣೋ," ಎಂದಳು ಕಾತ್ರಿ. "ಹೋಗು, ಇವತ್ತು ಗುರುವಾರ, ಕ್ಯಾಂಟೀನಲ್ಲಿ ಬಟಾಣಿ ಸೂಪು ಬಿಸಿ ಇರುತ್ತೆ. ಕುಡ್ದು ಬಾ. ಮುಂದಿನ ವಾರ ಮತ್ತೆ ಕೂತ್ಕೊ."

ಅವನು ಮತ್ತೆ ಕೂತ. ಎರಡನೇ ವರದಿ: ಪುಟದ ಭಾಷೆ ಕಠಿಣವಾಗಿದೆ. ಇಲ್ಲ. ಮೂರನೆಯದು: ನೆನಪಿನ ಶಕ್ತಿ ಕುಂದಿರುವುದರಿಂದ ಮುಂದಿನ ಹೆಜ್ಜೆ ಮರೆತುಹೋಗುತ್ತಿದೆ. ಇದಕ್ಕೆ ಸಿರ್ಕಾ ಇಲ್ಲ ಎಂದ ರೀತಿಗೆ ಪಕ್ಕದ ಕೋಣೆಯವರು ಬಾಗಿಲು ತೆರೆದು ನೋಡಿದರು.

"ನಿನ್ ಹೆಂಡ್ತಿ ಯಾವಾಗ್ಲೂ ಹಿಂಗೇನಾ, ರೈಮೋ?" ಎಂದು ಸೆವೇರಿ ಕೋಟು ಹಾಕಿಕೊಳ್ಳುತ್ತಾ ಕೇಳಿದ. ಮುಖ ಚಿಕ್ಕದಾಗಿತ್ತು.

"ಮಾತು ಇದ್ದಾಗ ಇನ್ನೂ ಜಾಸ್ತಿ ಇತ್ತಪ್ಪ. ನಿಂಗೆ ಅಗ್ಗದಲ್ಲಿ ಸಿಕ್ಕಿದಾಳೆ."

ಚಳಿಗಾಲ ಕಳೆದು ಮಾರ್ಚಿನ ಒಂದು ಗುರುವಾರ. ಅಷ್ಟೊತ್ತಿಗೆ ಹುಡುಗನಿಗೆ ಜಾಣತನವೆಲ್ಲ ಖರ್ಚಾಗಿ ಹೋಗಿತ್ತು. ಸುಮ್ಮನೆ ಕೂತಿದ್ದ. ಸಿರ್ಕಾ ಯಥಾಪ್ರಕಾರ ಆ ಸಾಲಿನ ತನಕ ಬಂದಳು, ನಿಂತಳು, ಬೆರಳು ಎತ್ತಿ ಪರದೆಯ ಮೇಲಿಟ್ಟಳು. ಬೆರಳಿದ್ದದ್ದು ಆ ಸಾಲಿನ ಮೇಲಲ್ಲ, ಅದರ ಕೆಳಗಿನ ಖಾಲಿ ಜಾಗದ ಮೇಲೆ. ಆರು ತಿಂಗಳಿಂದ ಅಲ್ಲೇ ಇಡುತ್ತಿದ್ದಳಂತೆ. ಸೆವೇರಿ ಬಗ್ಗಿ ನೋಡಿದ.

"ಇಲ್ಲೇನೂ ಇಲ್ವಲ್ಲ, ಸಿರ್ಕಾ?"

"ಹೌದು!"

ಆ ವರ್ಷ ಅವಳ ಬಾಯಿಂದ ಅವನಿಗೆ ಸಿಕ್ಕ ಮೊದಲ ಹೌದು. ಅವನು ಓಡಿಹೋಗಿ ತನ್ನ ಲ್ಯಾಪ್‌ಟಾಪ್ ತಂದು ಪಕ್ಕಕ್ಕೆ ಇಟ್ಟ. ಅದೇ ಪುಟ. ಅವನದರಲ್ಲಿ ಚಿಕಿತ್ಸಾ ಗುಂಪಿನ ಕೆಳಗೆ ಹಲವು ಸಾಲುಗಳಿದ್ದವು. ಅದರಲ್ಲೊಂದು 'ವಯಸ್ಕರಿಗೆ ಈಜು ಕಲಿಕೆ, ಮಂಗಳವಾರ ಸಂಜೆ'. ಸಿರ್ಕಾ ಇಪ್ಪತ್ತು ವರ್ಷಕ್ಕೂ ಮೇಲೆ ನಡೆಸಿದ ತರಗತಿ. ಅವಳ ಪರದೆಯಲ್ಲಿ ಅದು ಇರಲೇ ಇಲ್ಲ. ಆಸ್ಪತ್ರೆಯಿಂದ ಹೊರಬಂದ ದಿನದಿಂದ ಆ ಜಾಲತಾಣ ಅವಳನ್ನು ರೋಗಿ ಎಂದು ಗುರುತಿಟ್ಟುಕೊಂಡು, ರೋಗಿಗೆ ಬೇಡವೆಂದು ತಾನೇ ತೀರ್ಮಾನಿಸಿದ್ದನ್ನೆಲ್ಲ ಮರೆಮಾಡಿತ್ತು. ಸೆವೇರಿ ಪ್ರತಿ ವಾರ ಹೊರಗೆ ಹೋಗಿ ತನ್ನ ಯಂತ್ರದಲ್ಲಿ ನೋಡುತ್ತಿದ್ದ, ನಾನು ಮನೆಯಲ್ಲಿ ನನ್ನದರಲ್ಲಿ ನೋಡುತ್ತಿದ್ದೆ. ನಮ್ಮ ಕಣ್ಣಿಗೆ ಎಲ್ಲವೂ ಇತ್ತು. ಅವಳಿಗೆ ಕಾಣುತ್ತಿಲ್ಲವೆಂದರೆ ತೊಂದರೆ ಅವಳ ತಲೆಯಲ್ಲೇ ಇರಬೇಕಲ್ಲವೇ? ಇದ್ದದ್ದನ್ನು ಅವಳಿಂದ ತೆಗೆದಿಟ್ಟಿದ್ದಾರೆಂದು, ಅವಳು ಆರು ತಿಂಗಳೂ ಆ ಖಾಲಿ ಜಾಗವನ್ನೇ ತೋರಿಸುತ್ತಿದ್ದಾಳೆಂದು, ಪಕ್ಕದ ಕುರ್ಚಿಯಲ್ಲಿ ಕೂತವನಲ್ಲದೆ ಯಾರಿಗೆ ತಿಳಿಯಬೇಕಿತ್ತು?

ನಾಲ್ಕನೇ ವರದಿ ಒಂದೇ ಪುಟ. ಸಿರ್ಕಾಗೆ ಚಿಕಿತ್ಸೆಗೆ ಹೋಗಬೇಕಾಗಿಲ್ಲ, ಕೆಲಸಕ್ಕೆ ಹೋಗಬೇಕಾಗಿದೆ ಎಂದು ಬರೆದಿದ್ದ. ಗಟ್ಟಿಯಾಗಿ ಓದತೊಡಗಿದ. ಸಿರ್ಕಾ ಅವನು ಮುಗಿಸುವವರೆಗೂ ಕಾಯಲಿಲ್ಲ. ಹೌದು ಹೌದು ಹೌದು ಎಂದಳು, ಆಮೇಲೆ ಬೇರೆ ಮಾತಿಲ್ಲದೆ "ಕಾಲು! ಕಾಲು!" ಎಂದು ಅವನ ಬೆನ್ನು ಗುದ್ದಿದಳು. ಕಾತ್ರಿ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಈಜುಮನೆಯ ಮೇಲ್ವಿಚಾರಕ ಆ ವರದಿ ಓದಿ ಮನೆಗೇ ಫೋನ್ ಮಾಡಿದ: "ಮಂಗಳವಾರ ಬಾ, ಸಿರ್ಕಾ. ಮಾತು ಯಾರಿಗ್ ಬೇಕು? ನೀನು ಅಲ್ಲಿ ಕೂತಿದೀಯ ಅಂದ್ರೇ ಸಾಕು, ಹೆದ್ರಿಕೊಂಡಾದ್ರೂ ಕಾಲು ಆಡಿಸ್ತಾರೆ." ಪುಟವನ್ನೂ ಸರಿಮಾಡಿಸಿದರು. ಅಂದಿನಿಂದ ಪ್ರತಿ ಮಂಗಳವಾರ ಅವಳು ಕೊಳದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಎಡಗೈಯಿಂದ ತೋರಿಸಿ ತೋರಿಸಿ ಜನರನ್ನು ತೇಲಿಸಿದಳು. ಗುರುವಾರ ತಮ್ಮಲ್ಲಿ ಹೊಸ ಹೊಸ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ನಾನು ಮದುವೆಯಾದವಳು ಮನೆಗೆ ವಾಪಸು ಬಂದಿದ್ದಳು. ಇದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಕಳೆದ ವಸಂತದಲ್ಲಿ ಕಾತ್ರಿ ನಿವೃತ್ತಳಾದಳು, ತಾವು ಬಂದಿರಿ. ತಮ್ಮ ಹೊಸ ವಿನ್ಯಾಸದ ಕರಡನ್ನು ನಾನು ಓದಿದ್ದೇನೆ. ಪರೀಕ್ಷೆಯ ಉತ್ತರಪತ್ರಿಕೆ ಓದಿ ಓದಿ ನನಗೆ ಯಾವುದನ್ನು ಬೇಕಾದರೂ ಕೊನೆಯ ತನಕ ಓದುವ ದುರಭ್ಯಾಸವಿದೆ. ಅದರಲ್ಲಿ ಯಂತ್ರಕಲಿಕೆ ಇದೆ, ದತ್ತಾಂಶದ ಆಡಳಿತವಿದೆ, ಉದ್ಯಮದ ಸಹಭಾಗಿತ್ವವಿದೆ. ಇವೆಲ್ಲ ಬೇಡವೆನ್ನಲು ನಾನು ಯಾರು? ಕಲಿಸಿ, ಚೆನ್ನಾಗಿ ಕಲಿಸಿ. ಪಕ್ಕದ ಕುರ್ಚಿಯ ಬಗ್ಗೆ ಮಾತ್ರ ಒಂದೇ ವಾಕ್ಯವಿದೆ: "ಒಬ್ಬ ವಿದ್ಯಾರ್ಥಿಗೆ ಒಬ್ಬ ನಾಗರಿಕ ಎಂಬ ಕ್ರಮವನ್ನು ದೊಡ್ಡ ಪ್ರಮಾಣಕ್ಕೆ ವಿಸ್ತರಿಸಲಾಗದು." ಸತ್ಯವೇ. ಒಬ್ಬರು ಇನ್ನೊಬ್ಬರ ಪಕ್ಕ ಕೂರುವುದನ್ನು ವಿಸ್ತರಿಸಲಾಗದು. ದಾಂಪತ್ಯವನ್ನೂ ಆಗದು, ಶುಶ್ರೂಷೆಯನ್ನೂ ಆಗದು, ಈಜು ಕಲಿಸುವುದನ್ನೂ ಆಗದು. ವಿಸ್ತರಿಸಲಾಗದ್ದನ್ನೆಲ್ಲ ಕೈಬಿಟ್ಟರೆ ಕೊನೆಗೆ ವಿಶ್ವವಿದ್ಯಾಲಯದಲ್ಲಿ ಏನು ಉಳಿಯುತ್ತದೆ ಎಂದು ತಮ್ಮ ಸಭೆಯಲ್ಲಿ ಯಾರೂ ಕೇಳಲಿಲ್ಲವೇ? ಕೇಳಿರಲಾರರು. ನಾವು ಸಭೆಗಳಲ್ಲಿ ಸುಮ್ಮನಿರುವ ಜನ, ಮನೆಗೆ ಹೋಗಿ ಸೌನಾದ ಹಬೆಯಲ್ಲಿ ಕೂತು ಗೊಣಗುವವರು.

ಕುರ್ಚಿಯ ಬದಲಿಗೆ ತಾವು 'ಮಾದರಿ ನಾಗರಿಕ'ರನ್ನು ತಂದಿರಿ. ಯಾವ ಹೊತ್ತಿಗೂ ಸಿಗುವ, ಸುಸ್ತಾಗದ, ಬಸ್ಸು ತಪ್ಪದ ಪರದೆಯ ಮನುಷ್ಯರು. ಮೇ ತಿಂಗಳಲ್ಲಿ ನಮ್ಮನ್ನೆಲ್ಲ ಕರೆದು ಏಲಕ್ಕಿ ಬನ್ನು, ಕಾಫಿ ಕೊಟ್ಟು ತೋರಿಸಿದಿರಿ. ನಗುಮುಖದ ಸಂಯೋಜಕಿಯೊಬ್ಬಳು ಸಿರ್ಕಾಳ ಕೈ ಹಿಡಿದು ಪರದೆಯ ಮುಂದೆ ಕೂರಿಸಿದಳು. 'ಮಾರ್ಯಾ, ಅರವತ್ತೆಂಟು' ಎಂಬ ಹೆಂಗಸಿನ ಮುಖ ಮೂಡಿತು.

"ಸಿರ್ಕಾ, ಇವಳಲ್ಲಿ ನೀನೇ ಇರೋದು! ನಿನ್ನ ವರದಿಗಳಿಂದ್ಲೇ ಮಾಡಿದ್ದು."

ಮಾರ್ಯಾ ಮಾತಾಡಿದಳು. ಅಯ್ಯೋ, ಎಷ್ಟು ಸೊಗಸಾಗಿ, ಎಷ್ಟು ಸರಾಗವಾಗಿ! "ನನಗೆ ಚಿಕಿತ್ಸಾ ಗುಂಪಿಗೆ ಸೇರಬೇಕಿತ್ತು. ಗುಂಡಿ ತುಂಬಾ ಚಿಕ್ಕದು. ಆ ಭಾಷೆ ಬೇರೆ ಕಷ್ಟ, ಆಮೇಲೆ ನನಗೆ ಮರೆವು ಜಾಸ್ತಿ ನೋಡಿ."

"ಇಲ್ಲ," ಎಂದಳು ಸಿರ್ಕಾ.

"ಇದು ಬರೀ ಮಾದರಿ ಕಣೇ."

"ಇಲ್ಲ."

"ಸುಸ್ತಾಗಿರ್ಬೇಕು, ಪಾಪ. ಕಾಫಿ ತಗೊಂಡ್ಯಾ?"

"ಇಲ್ಲ!"

ಸಭಾಂಗಣದಲ್ಲಿದ್ದವರೆಲ್ಲ ತಮ್ಮ ತಮ್ಮ ಲೋಟದೊಳಗೆ ನೋಡಿಕೊಂಡರು. ತಾವೂ ನೋಡಿಕೊಂಡಿರಿ, ನಾನು ಗಮನಿಸಿದೆ. ನಾನು ಎದ್ದು ನಿಂತು ಯಾವ ವರದಿಗಳಿಂದ ಮಾಡಿದ್ದು ಎಂದು ಕೇಳಿದೆ.

"ಎಲ್ಲಾದ್ರಿಂದ," ಎಂದಳು ಸಂಯೋಜಕಿ ಹೆಮ್ಮೆಯಿಂದ. "ಒಂದನ್ನೂ ಬಿಟ್ಟಿಲ್ಲ."

"ಅವಳು ಇಲ್ಲ ಅಂದಿದ್ದನ್ನೂ ಸೇರಿಸಿಯಾ?"

"ಇಲ್ಲ ಅಂದಿದ್ದು ಎಲ್ಲಿ ದಾಖಲಾಗಿದೆ?"

"ಎಲ್ಲೂ ಆಗಿಲ್ಲ. ಬಾಯಲ್ಲಿ ಹೇಳಿದ್ದು."

"ಹಾಗಾದ್ರೆ ಅದು ದತ್ತಾಂಶದಲ್ಲಿ ಬರಲ್ಲ, ರೈಮೋ," ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ನನಗೆ ಒಂದು ಸರಳ ಸಂಗತಿ ತಿಳಿಸಿಕೊಡುತ್ತಿದ್ದಳು.

ಆ ಇಲ್ಲಗಳನ್ನು ಯಾಕೆ ಯಾರೂ ಬರೆದಿಡಲಿಲ್ಲವೆಂದು ಈ ಊರಿನವನಾದ ನನಗೆ ಗೊತ್ತು. ಸೋತವನ ಸೋಲನ್ನು ಕಾಗದದ ಮೇಲೆ ಉಳಿಸುವುದು ಒರಟುತನ ಎಂದು ಕಾತ್ರಿ ಭಾವಿಸಿದ್ದಳು. ಇಲ್ಲ ಎಂದದ್ದು ಆ ಕೋಣೆಯಲ್ಲೇ ಮುಗಿಯಲಿ, ಹುಡುಗರು ಸೂಪು ಕುಡಿದು ಮರೆಯಲಿ ಎಂಬ ಮರ್ಯಾದೆ. ಬೇರೆಯವರ ಮುಜುಗರವನ್ನು ನೋಡಿಯೂ ನೋಡದ ಹಾಗೆ ಇರುವುದು ನಮ್ಮ ಸಭ್ಯತೆ. ಆ ಸಭ್ಯತೆಯಿಂದಾಗಿ ತಪ್ಪು ವರದಿಗಳೂ ಸರಿ ವರದಿಯೂ ಒಂದೇ ಹೆಸರಿನಲ್ಲಿ ಒಂದೇ ಕಡೆ ಸೇರಿಕೊಂಡವು. ತಮ್ಮ ಯಂತ್ರ ಎಣಿಸಿ ನೋಡಿತು: ಗುಂಡಿ, ಭಾಷೆ, ಮರೆವು ಒಂದು ಕಡೆ, ಕೆಲಸಕ್ಕೆ ಹೋಗಬೇಕು ಎಂಬ ಒಂಟಿ ಪುಟ ಒಂದು ಕಡೆ. ಬಹುಮತ ಯಾವುದಕ್ಕೆ ಬಿತ್ತೆಂದು ಹೇಳಬೇಕೇ? ತಾವು ಮಾಹಿತಿ ವಿಜ್ಞಾನದ ಪದವಿಯನ್ನು ರೂಪಿಸುವವರು. ಒಂದು ದಾಖಲೆಯನ್ನು ಅದರೊಳಗಿನ ಮನುಷ್ಯನೇ ನಿರಾಕರಿಸಿದ್ದಾನೋ ಇಲ್ಲವೋ ಎಂದು ವಿಚಾರಿಸುವುದನ್ನು ನಾನು ಹದಿಮೂರು ವರ್ಷದ ಮಕ್ಕಳಿಗೆ ಮೊದಲ ವಾರದಲ್ಲೇ ಕಲಿಸುತ್ತಿದ್ದೆ. ತಮ್ಮಲ್ಲಿ ಅದು ಯಾವ ಸೆಮಿಸ್ಟರಿನಲ್ಲಿ ಬರುತ್ತದೆ?

ನನ್ನ ಕೋಪ ಇಲ್ಲಿಗೆ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಸೌನಾದಲ್ಲಿ ಕೂತು ಗೊಣಗಿ ಸುಮ್ಮನಾಗುತ್ತಿದ್ದೆ.

ಈ ಶರತ್ಕಾಲದಲ್ಲಿ ತಮ್ಮ ಹೊಸ ತಂಡದ ವಿದ್ಯಾರ್ಥಿಗಳು ನಗರಸಭೆಗಾಗಿ ಈಜುಮನೆಯ ಪುಟವನ್ನು ನವೀಕರಿಸಿದರು. ಮಾರ್ಯಾಳ ಮೇಲೆ ಪರೀಕ್ಷಿಸಿದರಂತೆ, ಅವಳಿಗೆ ಮೊದಲ ಸಲಕ್ಕೇ ಎಲ್ಲವೂ ಸಿಕ್ಕಿತಂತೆ. ಸಿಗದೇ ಏನು? ಈಗ ಸಿರ್ಕಾ ತನ್ನ ಗುರುತು ಕೊಟ್ಟು ಒಳಗೆ ಹೋದರೆ ಪರದೆಯ ಅಗಲಕ್ಕೂ ಒಂದು ನೀಲಿ ಗುಂಡಿ: 'ಚಿಕಿತ್ಸಾ ಗುಂಪಿಗೆ ಸೇರಿ'. ಭಾಷೆ ಸರಳ. ಮರೆತರೆ ನೆನಪಿಸುತ್ತದೆ. ಅದರ ಕೆಳಗೆ ಏನೂ ಇಲ್ಲ. ಸಾಲದ್ದಕ್ಕೆ ಈಜುಮನೆಯ ಬಾಗಿಲನ್ನೂ ಈಗ ಈ ಪುಟಕ್ಕೆ ಜೋಡಿಸಿದ್ದಾರೆ. ಕಾದಿರಿಸಿದ ಹೊತ್ತಿಗೆ ಮಾತ್ರ, ಮಣಿಕಟ್ಟಿಗೆ ಕಟ್ಟಿಕೊಳ್ಳುವ ಕೈಪಟ್ಟಿಗೆ ಬಾಗಿಲು ತೆರೆಯುತ್ತದೆ. ಮಂಗಳವಾರ ಸಂಜೆ ಸಿರ್ಕಾ ಟವೆಲ್ ಹೆಗಲಿಗೆ ಹಾಕಿಕೊಂಡು ಕೈಪಟ್ಟಿಯನ್ನು ಬಾಗಿಲಿಗೆ ಒತ್ತಿದಳು. ಕೆಂಪು ದೀಪ. ಮತ್ತೆ ಒತ್ತಿದಳು. ಗಾಜಿನ ಆಚೆ ಅವಳ ಜನ ನೀರಿನಲ್ಲಿ ನಿಂತು ಕಾಯುತ್ತಿದ್ದರು, ಒಬ್ಬ ಕೈಬೀಸಿದ. ಮೇಲ್ವಿಚಾರಕ ಓಡಿ ಬಂದ, ಕಂಪ್ಯೂಟರಿನ ಮುಂದೆ ತಡಕಾಡಿದ.

"ಸಿಸ್ಟಮ್ಮು ಬಿಡ್ತಾ ಇಲ್ಲ ರೈಮೋ. ನಾನು ಮೇಲಿನವ್ರಿಗೆ ಬರೀತೀನಿ. ಸಿರ್ಕಾ, ಬೇಜಾರ್ ಮಾಡ್ಕೋಬೇಡ್ವೇ."

ಅವನೂ ಬರೆದ, ನಾನೂ ಬರೆದೆ. ತಮ್ಮ ಕಚೇರಿಯಿಂದ ಬಂದ ಉತ್ತರ ಇದು: ಸದರಿ ಬಳಕೆದಾರ ವರ್ಗದ ಅಗತ್ಯಗಳನ್ನು ಸಮಗ್ರ ಸಂಶೋಧನೆಯಿಂದ ಗುರುತಿಸಲಾಗಿದೆ. ಸಮಗ್ರ! ಅವಳಿಗೆ ಏನು ಬೇಕೆಂದು ಅವಳಿಗಿಂತ ಮಾರ್ಯಾಗೆ ಚೆನ್ನಾಗಿ ಗೊತ್ತು ಎಂಬುದನ್ನು ಇಷ್ಟು ವಿನಯವಾಗಿ ಹೇಳಬಹುದೆಂದು ನನಗೆ ತಿಳಿದಿರಲಿಲ್ಲ.

ಕೆಲವು ಮಂಗಳವಾರಗಳು ಹಾಗೇ ಹೋದವು. ಆಮೇಲೆ ಒಂದು ಬೆಳಿಗ್ಗೆ ಸಿರ್ಕಾ ಕಂಪ್ಯೂಟರಿನ ಮುಂದೆ ತುಂಬ ಹೊತ್ತು ಕೂತು, ಆ ನೀಲಿ ಗುಂಡಿಯನ್ನು ಒತ್ತಿದಳು. ತಮ್ಮ ಲೆಕ್ಕದಲ್ಲಿ ಅದು ಯಶಸ್ಸು ಎಂದು ದಾಖಲಾಗಿರಬೇಕು. ನಾನು ಅವಳನ್ನು ಚಿಕಿತ್ಸಾ ಗುಂಪಿಗೆ ಕರೆದುಕೊಂಡು ಹೋದೆ. ಎದೆಮಟ್ಟದ ಬೆಚ್ಚಗಿನ ನೀರು, ಮೆಲುಸಂಗೀತ. ಸರೋವರವನ್ನು ಈ ದಡದಿಂದ ಆ ದಡಕ್ಕೆ ಈಜುತ್ತಿದ್ದವಳ ಕಂಕುಳಿಗೆ ತೇಲಿಸುವ ಒಂದು ಹಳದಿ ಸ್ಪಂಜಿನ ಕೋಲು ಕೊಟ್ಟು ಗಟ್ಟಿಯಾಗಿ ಹಿಡಿದುಕೋ ಎಂದರು. ಹಿಡಿದುಕೊಂಡಳು. ಹೇಳಿದಷ್ಟು ಹೊತ್ತು ಹಿಡಿದುಕೊಂಡೇ ಇದ್ದಳು. ನಾನು ನೋಡಲಾಗದೆ ಹೊರಗೆ ಬಂದು ಪಾದರಕ್ಷೆಗಳ ಕಪಾಟಿನ ಮುಂದೆ ನಿಂತೆ.

ಮಾರನೆಯ ದಿನ ಅಭಿಪ್ರಾಯ ಸಂಗ್ರಹಕ್ಕೆಂದು ತಮ್ಮ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಒಳ್ಳೆಯ ದನಿ, ಒಳ್ಳೆಯ ಹುಡುಗಿ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಸೆವೇರಿಗಿಂತ ಅವಳು ಕಡಿಮೆಯೇನಲ್ಲ. ಅವಳನ್ನು ಯಾರೂ ಯಾರ ಪಕ್ಕದಲ್ಲೂ ಕೂರಿಸಲಿಲ್ಲ, ಅಷ್ಟೇ.

"ನಿಂಗೆ ಬೇಕಾಗಿದ್ದು ಸಿಕ್ತಾ, ಸಿರ್ಕಾ?"

ನಾನು ಕಾದೆ. ಇಲ್ಲ ಎನ್ನುತ್ತಾಳೆ, ಪಕ್ಕದ ಮನೆಗೆ ಕೇಳುವ ಹಾಗೆ ಎನ್ನುತ್ತಾಳೆ ಎಂದು ಕಾದೆ. ಸಿರ್ಕಾ ಫೋನನ್ನು ನೋಡಿದಳು, ನನ್ನ ಮುಖ ನೋಡಲಿಲ್ಲ.

"ಹೌದು," ಎಂದಳು.

"ತುಂಬಾ ಥ್ಯಾಂಕ್ಸ್! ಒಳ್ಳೇದಾಗ್ಲಿ!"

ಮಾನ್ಯರೇ, ಇಷ್ಟು ವರ್ಷಗಳಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು. ಅವಳ ಬಳಿ ಉಳಿದಿದ್ದದ್ದೇ ಮೂರು ಮಾತು. ಒಂದನ್ನು ಕೊಳದ ಬಾಗಿಲಿನಲ್ಲಿ ತಡೆದಿರಿ, ಒಂದನ್ನು ದತ್ತಾಂಶದಲ್ಲಿ ಬರುವುದಿಲ್ಲವೆಂದು ಬಿಟ್ಟಿರಿ, ಉಳಿದ ಒಂದನ್ನು ಸುಳ್ಳು ಮಾಡಿಬಿಟ್ಟಿರಿ. ಅವಳ ಹೌದು ಈಗ ತಮ್ಮ ದಾಖಲೆಯಲ್ಲಿದೆ, ಮಾರ್ಯಾಗೆ ಇನ್ನಷ್ಟು ಬಲ ಬಂದಿರುತ್ತದೆ. ನನಗೆ ಮಾತ್ರ ಅಂದಿನಿಂದ ಕಾಫಿಗೆ ಹಾಲು ಬೇಕೇ ಎಂದು ಅವಳನ್ನು ಕೇಳಲೂ ಭಯವಾಗುತ್ತದೆ. ಹೌದು ಎಂದರೆ ನಂಬುವುದೋ ಬಿಡುವುದೋ ತಿಳಿಯುವುದಿಲ್ಲ.

ಡಿಸೆಂಬರಿನ ಸಭೆಯಲ್ಲಿ ತಾವು ಈ ಪದವಿಯ ವಿನ್ಯಾಸವನ್ನು ಕಾಯಂ ಮಾಡುತ್ತೀರಿ, ಉಳಿದ ವಿಶ್ವವಿದ್ಯಾಲಯಗಳಿಗೂ ಮಾದರಿಯೆಂದು ಕಳಿಸುತ್ತೀರಿ ಎಂದು ಕೇಳಿದ್ದೇನೆ. ಅದಕ್ಕೆ ಮೊದಲು ಪಕ್ಕದ ಕುರ್ಚಿಯನ್ನು ಮತ್ತೆ ತಂದಿಡಿ, ಮೊದಲ ವರ್ಷದಲ್ಲೇ, ಎಲ್ಲರಿಗೂ ಕಡ್ಡಾಯವಾಗಿ. ಈ ಸಲ ಇಲ್ಲ ಎಂದದ್ದನ್ನು ಸಭ್ಯತೆ ಬದಿಗಿಟ್ಟು ಬರೆದಿಡಿ. ಮಾರ್ಯಾಳನ್ನು ಅಳಿಸಿಹಾಕಿ, ಅವಳಿಗೆ ನೋವಾಗುವುದಿಲ್ಲ. ಇಷ್ಟನ್ನೂ ಮಾಡಲಾಗದಿದ್ದರೆ ಒಂದನ್ನಾದರೂ ಮಾಡಿ. ಒಂದು ದಿನ ನಮ್ಮ ಮನೆಗೆ ಬಂದು ಸಿರ್ಕಾಳ ಪಕ್ಕದಲ್ಲಿ ಕೈ ಮಡಿಲಲ್ಲಿಟ್ಟು ಕೂತುಕೊಳ್ಳಿ. ಎಷ್ಟು ವಾರ ಹಿಡಿಯುತ್ತದೋ ಅಷ್ಟು ವಾರ ಬಂದು ಕೂತುಕೊಳ್ಳಿ. ತಮಗೆ ತಿಳಿದದ್ದನ್ನು ಅವಳೆದುರು ಗಟ್ಟಿಯಾಗಿ ಓದಿ. ತಪ್ಪು ಬರೆದರೂ ಚಿಂತೆಯಿಲ್ಲ, ತಪ್ಪನ್ನೇ ಬರೆದು ತನ್ನಿ. ನನ್ನ ಹೆಂಡತಿಯ ಬಾಯಿಂದ ಇನ್ನೊಮ್ಮೆ ಇಲ್ಲ ಎಂದು ಹೇಳಿಸಿ.

ಇಂತಿ,
ತಮ್ಮ ಉತ್ತರಕ್ಕಲ್ಲ, ತಮಗೇ ಬಾಗಿಲು ತೆರೆದು ಕಾಯುತ್ತಿರುವ,
ಸಿರ್ಕಾಳ ಗಂಡ ರೈಮೋ,
ಕೂಸಿಲಾಹ್ತಿ